ಹೊಳೆಗೆ ಗೋಡೆಯೂ ಬೇಕು, ಹಾದಿಯೂ ಬೇಕು

ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಹೊಳೆಸಾಲಿನ ರೈತ ಬಾಂಧವರಿಗೆ ಮಹಾಪೂರದ ಮಾತು ಹೊಸದಲ್ಲ. 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿದಳು. 2025ರ ಸಪ್ಟೆಂಬರದಲ್ಲಿ ಸೀನಾ ಹೊಳೆ ಉಕ್ಕಿ ಊರೊಳಗೆ ಬಂದಿತು. ಮೇಲೆ ಉಜನಿಯಂಥ ದೊಡ್ಡ ಆಣೆಕಟ್ಟು ಇದ್ದರೂ ನೆರೆ ಬರುವುದೇಕೆ? ಊರಿಗೊಂದು ಗೋಡೆ ಕಟ್ಟಿಸಿದರೆ ಸಾಲದೆ? ಈ ಪ್ರಶ್ನೆಗಳನ್ನು ಈ ವಾರ ವಿಚಾರಿಸೋಣ.

ನೆರೆಯ ಹಾವಳಿ ತಗ್ಗಿಸುವ ಕೆಲಸಗಳಲ್ಲಿ ಎರಡು ಬಗೆ. ಆಣೆಕಟ್ಟು, ತಡೆಗೋಡೆ, ದಂಡೆಯ ಏರಿ ಇವು ಗಟ್ಟಿ ಕೆಲಸಗಳು. ನೀರಿನ ಬಲಕ್ಕೆ ಎದುರು ನಿಲ್ಲುವಂಥವು. ಹೊಲದ ಬದು, ಹಳ್ಳದ ಒಡ್ಡು, ದಂಡೆಯ ಗಿಡ ಹುಲ್ಲು, ಹೊಳೆಯ ಪಾತ್ರವನ್ನು ತೆರವಾಗಿಡುವುದು ಇವು ಮೆದು ಕೆಲಸಗಳು. ನೀರನ್ನು ತಡೆತಡೆದು, ಅದಕ್ಕೆ ಜಾಗ ಕೊಟ್ಟು ಸಾಗಹಾಕುವಂಥವು.

ಮೊದಲು ಉಜನಿಯ ಲೆಕ್ಕ ನೋಡೋಣ. 1980ರಲ್ಲಿ ಮುಗಿದ ಈ ಆಣೆಕಟ್ಟಿನಲ್ಲಿ ಬಳಕೆಗೆ ಬರುವ ಸಂಗ್ರಹ ಸುಮಾರು 53 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಸೆಕೆಂಡಿಗೆ ಒಂದು ಲಕ್ಷ ಘನ ಅಡಿಯಂತೆ, ಅಂದರೆ ಒಂದು ಲಕ್ಷ ಕ್ಯುಸೆಕ್ ನೀರು ಬಂದರೆ, ದಿನಕ್ಕೆ 8.64 ಟಿ.ಎಂ.ಸಿ. ಆಗುತ್ತದೆ. ಆ ಜಾಗ ಪೂರ್ತಿ ಬರಿದಾಗಿದ್ದರೂ ಆರು ದಿನಕ್ಕೆ ತುಂಬೀತು. ಎರಡು ಲಕ್ಷವಾದರೆ ಮೂರೇ ದಿನ. ಆದರೆ ಬೇಸಿಗೆಯ ನೀರಿಗಾಗಿ ಮಳೆಗಾಲದ ಕೊನೆಗೆ ಅದನ್ನು ತುಂಬಿಸಿಯೇ ಇಡಬೇಕಾಗುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದರೆ ಹೊರಗೆ ಚೆಲ್ಲದೆ ಇದ್ದೀತೆ? ಇದಲ್ಲದೆ ನೀರಾ ನದಿಯು ಉಜನಿಯ ಕೆಳಗೆ ನರಸಿಂಗಪುರದಲ್ಲಿಯೂ, ಸೀನಾ ನದಿಯು ಹತ್ತರಸಂಗ ಕೂಡಲದಲ್ಲಿಯೂ ಭೀಮೆಯನ್ನು ಸೇರುತ್ತವೆ. ಆ ನೀರು ಉಜನಿಯ ಬಾಗಿಲನ್ನು ಕಾಣುವುದೇ ಇಲ್ಲ.

ಇನ್ನು ಗೋಡೆಯ ಮಾತು. ಗೋಡೆ ನೀರನ್ನು ಇಂಗಿಸುವುದಿಲ್ಲ, ಬೇರೆ ಕಡೆಗೆ ತಳ್ಳುತ್ತದೆ. ಭೀಮೆ ಕೆಲವು ಹರದಾರಿ ಎರಡು ರಾಜ್ಯಗಳ ಗಡಿಯಾಗಿಯೇ ಹರಿಯುತ್ತಾಳೆ. ಈ ದಂಡೆಗೆ ಉದ್ದಕ್ಕೂ ಏರಿ ಹಾಕಿದರೆ ನೀರು ಆ ದಂಡೆಗೆ ಏರುವುದು. ಅಲ್ಲಿ ಇರುವವರು ನಮ್ಮ ಬೀಗರೇ. ಆದುದರಿಂದ ಮನೆ ಮಠಗಳಿರುವ ಊರಿನ ಸುತ್ತ ಮಾತ್ರ ಗೋಡೆ ಇರಲಿ. ಒಳಗಿನ ಮಳೆನೀರು ಹೊರಹೋಗಲು ಅದರಲ್ಲಿ ಬಾಗಿಲೂ ಇರಲಿ. ಹೊಲಗಳ ಕಡೆ ಹೊಳೆಗೆ ಹಾದಿ ಇರಲಿ.

ಆ ಹಾದಿ ಎಷ್ಟು ಅಗಲವೆಂಬುದನ್ನು ಮಹಾರಾಷ್ಟ್ರದಲ್ಲಿ ನೀಲಿ ರೇಷೆ, ಕೆಂಪು ರೇಷೆ ಎಂದು ಗುರುತಿಸುತ್ತಾರೆ. ನೀಲಿ ರೇಷೆ ಸಾಮಾನ್ಯವಾಗಿ 25 ವರ್ಷದ ನೆರೆಯದು, ಕೆಂಪು ರೇಷೆ 100 ವರ್ಷದ ನೆರೆಯದು. 25 ವರ್ಷದ ನೆರೆ ಎಂದರೆ ಒಮ್ಮೆ ಬಂದರೆ 25 ವರ್ಷ ಬಾರದು ಎಂದಲ್ಲ. ಪ್ರತಿ ವರ್ಷವೂ 25ರಲ್ಲಿ ಒಂದು ಪಾಲು ಸಂಭವ ಇದ್ದೇ ಇರುತ್ತದೆ ಎಂದರ್ಥ.

ಊರವರು ಕೂಡಿ ಮಾಡಬಹುದಾದ ಕೆಲಸಗಳು ಇವು:

1. ಬದು ಕಟ್ಟಿರಿ. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಎಂದರೆ ಸುಮಾರು ಒಂದು ಲಕ್ಷ ಲೀಟರು ನೀರು. ಐನೂರು ಎಕರೆಯಲ್ಲಿ ಅಷ್ಟನ್ನು ತಡೆದರೆ ಐದು ಕೋಟಿ ಲೀಟರು ಒಮ್ಮೆಲೇ ಹಳ್ಳಕ್ಕೆ ಇಳಿಯುವುದು ತಪ್ಪಿತು. ಎರೆ ಭೂಮಿ ತೊಯ್ದ ಮೇಲೆ ಬೇಗ ನೀರು ಕುಡಿಯದು. ಆದುದರಿಂದ ಬದುವಿಗೆ ಕಲ್ಲಿನ ಕೋಡಿ ಬಿಡಲೇಬೇಕು.

2. ಕೊಲ್ಲಾಪುರ ಮಾದರಿಯ ಬಾಂದಾರದ ಹಲಗೆಗಳನ್ನು ಮುಂಗಾರಿಗೆ ಮುನ್ನ ತೆಗೆಯಿಸಿರಿ. ಹಲಗೆ ಉಳಿದರೆ ನೀರು ಹಿಂದೆ ಸರಿದು, ಪಕ್ಕದ ದಂಡೆಯನ್ನು ಕೊರೆದು ಹೊಲದೊಳಗೆ ದಾರಿ ಮಾಡಿಕೊಳ್ಳುತ್ತದೆ.

3. ದಂಡೆಯ ತುದಿಯವರೆಗೆ ಕಬ್ಬು ಹಚ್ಚಬೇಡಿರಿ. ಒಂದು ಪಟ್ಟಿ ಬಿಟ್ಟು ಲಾವಂಚ, ಬಿದಿರು, ಹೊಂಗೆ ಬೆಳೆಸಿರಿ. ಬೇರು ಮಣ್ಣನ್ನು ಹಿಡಿಯುತ್ತದೆ. ದಂಡೆಯ ಬುಡದ ಉಸುಕು ಎತ್ತಲು ಬಿಡಬೇಡಿರಿ.

4. ನೀಲಿ ರೇಷೆಯ ಒಳಗೆ ದನದ ಕೊಟ್ಟಿಗೆ, ಬಣವಿ, ಉಳ್ಳಾಗಡ್ಡಿಯ ಚಪ್ಪರ ಹಾಕಬೇಡಿರಿ. ಪಂಪುಗಳನ್ನು ಬೇಗ ಬಿಚ್ಚಿ ಮೇಲೆ ತರುವಂತೆ ಕೂಡ್ರಿಸಿರಿ.

5. ಹಿಂದಿನ ನೆರೆ ಏರಿದ ಮಟ್ಟವನ್ನು ಶಾಲೆಯ ಗೋಡೆಯ ಮೇಲೆ ವರ್ಷ ಸಹಿತ ಬರೆಯಿಸಿರಿ. ಮೇಲಿನಿಂದ ಎಷ್ಟು ಕ್ಯುಸೆಕ್ ಬಿಟ್ಟಾಗ ನೀರು ಎಲ್ಲಿಗೆ ಬಂದಿತೆಂಬುದನ್ನೂ ಪಕ್ಕದಲ್ಲಿ ಬರೆದಿಡಿರಿ. ಮುಂದಿನ ಸಲ ಆ ಅಂಕಿಯೇ ನಿಮ್ಮನ್ನು ಎಚ್ಚರಿಸುವುದು.

ಇಷ್ಟು ಮಾಡಿದರೆ 2020ರಂಥ ಮಹಾಪೂರ ನಿಂತೇಬಿಡುವುದೆಂದು ನಾವು ಹೇಳುವುದಿಲ್ಲ. ಸಣ್ಣ ನೆರೆಗಳು ತಗ್ಗುವವು, ಹೊಲದ ಮೇಲ್ಮಣ್ಣು ಉಳಿಯುವುದು. ದೊಡ್ಡ ನೆರೆಯಲ್ಲಿ ಜೀವ, ದನಕರು ಉಳಿಯುವವು. ಗೋಡೆಗಾಗಿ ಅರ್ಜಿ ಬರೆಯುವ ಗ್ರಾಮಸಭೆಯಲ್ಲಿಯೇ ಬದು, ಬಾಂದಾರ, ದಂಡೆಯ ಮಾತನ್ನೂ ಎತ್ತಿರಿ. ಗೋಡೆ ಸರಕಾರದಿಂದ ಬರಬೇಕು. ಉಳಿದವುಗಳಲ್ಲಿ ಬಹಳಷ್ಟು ನಮ್ಮ ಸಲಿಕೆಯಿಂದಲೇ ಆಗುವಂಥವು.