ಏಳದ ಕಂಪ್ಯೂಟರ್ ಎಲ್ಲಿ ನಿಂತಿತು?

ಮಕ್ಕಳೇ, ಸಂಜೆ ಮನೆಯಲ್ಲಿ ಟ್ಯೂಬ್‌ಲೈಟಿನ ಸ್ವಿಚ್ ಹಾಕಿದಿರಿ. ಅದು ಹತ್ತಲಿಲ್ಲ. ಆಗ ಮನೆಯ ದೊಡ್ಡವರು ಏನು ಮಾಡುತ್ತಾರೆ? ಮೊದಲು ಕರೆಂಟು ಇದೆಯೇ ಎಂದು ಪಕ್ಕದ ಮನೆಯ ಕಡೆ ನೋಡುತ್ತಾರೆ. ಅಲ್ಲಿ ದೀಪ ಉರಿಯುತ್ತಿದ್ದರೆ ಫ್ಯೂಸ್ ನೋಡುತ್ತಾರೆ. ಫ್ಯೂಸ್ ಸರಿಯಿದ್ದರೆ ಸ್ಟಾರ್ಟರ್ ಬದಲಿಸಿ ನೋಡುತ್ತಾರೆ. ಕೊನೆಗೆ ಟ್ಯೂಬು. ಯಾರೂ ಮೊದಲೇ ಅಂಗಡಿಗೆ ಓಡಿ ಹೊಸ ಲೈಟು ತರುವುದಿಲ್ಲ.

ಕಂಪ್ಯೂಟರ್ ಏಳದಿದ್ದಾಗ ಮಾತ್ರ ನಾವು ಬೇಗ ಕೈಚೆಲ್ಲುತ್ತೇವೆ. "ಕೆಟ್ಟುಹೋಯಿತು" ಎಂದು ಮೂಲೆಗೆ ಸರಿಸುತ್ತೇವೆ. ನಿಜಕ್ಕೂ ಅದು ಕೆಟ್ಟಿದೆಯೇ? ಅಥವಾ ದಾರಿಯಲ್ಲಿ ಎಲ್ಲೋ ನಿಂತಿದೆಯೇ? ಇದನ್ನು ಕಂಡುಹಿಡಿಯುವುದು ಹೇಗೆ? ಬನ್ನಿ, ತಿಳಿಯೋಣ.

ಹುದುಗಿರುವ ಕಂಪ್ಯೂಟರುಗಳು

ಕಂಪ್ಯೂಟರ್ ಎಂದೊಡನೆ ಪರದೆ ಮತ್ತು ಕೀಲಿಮಣೆ ನೆನಪಾಗುತ್ತವೆ. ಆದರೆ ಟಿ.ವಿ.ಯ ಸೆಟ್-ಟಾಪ್ ಬಾಕ್ಸ್‌ನಲ್ಲಿಯೂ ಇಂಟರ್‌ನೆಟ್ ಹಂಚುವ ರೂಟರಿನಲ್ಲಿಯೂ ಕಂಪ್ಯೂಟರ್ ಇದೆ. ಹೀಗೆ ಬೇರೊಂದು ಯಂತ್ರದೊಳಗೆ ಕುಳಿತು ಕೆಲಸ ಮಾಡುವುದಕ್ಕೆ 'ಹುದುಗಿದ ಕಂಪ್ಯೂಟರ್' ಎನ್ನೋಣ.

ಇಂಥ ಅನೇಕ ಕಂಪ್ಯೂಟರುಗಳನ್ನು ನಡೆಸುವುದು ಲಿನಕ್ಸ್ ಎಂಬ ತಂತ್ರಾಂಶ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಇದನ್ನು ಬರೆಯಲು ತೊಡಗಿದರು. ಇದನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. 2001ರಲ್ಲಿ ಬೆಂಗಳೂರಿನಲ್ಲಿ ಪ್ರದರ್ಶನಗೊಂಡ 'ಸಿಂಪ್ಯೂಟರ್' ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ಇದ್ದುದೂ ಲಿನಕ್ಸೇ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎಂಜಿನಿಯರುಗಳೊಡನೆ ಸೇರಿ ಅದನ್ನು ರೂಪಿಸಿದ್ದರು.

ಲಿನಕ್ಸ್ ಹೇಗೆ ಏಳುತ್ತದೆ ಎಂದು ನೋಡಲು 'ರಾಸ್ಪ್‌ಬೆರಿ ಪೈ' ಒಳ್ಳೆಯ ಉದಾಹರಣೆ. ಇಂಗ್ಲೆಂಡಿನಲ್ಲಿ ಮಕ್ಕಳ ಕಲಿಕೆಗೆಂದು ತಯಾರಾದ ಇದು 2012ರಲ್ಲಿ ಮಾರಾಟಕ್ಕೆ ಬಂತು. ಗಾತ್ರ ಒಂದು ಬಸ್ ಪಾಸಿನಷ್ಟು. ಇಲ್ಲಿ ನಾವು 2016ರ 'ಪೈ 3' ಮಾದರಿಯನ್ನು ತೆಗೆದುಕೊಳ್ಳೋಣ.

ಐದು ಮೆಟ್ಟಿಲು

ಬೆಳಿಗ್ಗೆ ಶಾಲೆ ಒಮ್ಮೆಲೇ ಶುರುವಾಗುವುದಿಲ್ಲ. ಯಾರೋ ಬೀಗ ತೆಗೆಯಬೇಕು, ಗಂಟೆ ಬಾರಿಸಬೇಕು, ಪ್ರಾರ್ಥನೆ ಆಗಬೇಕು, ಹಾಜರಿ ಆಗಬೇಕು. ಆಮೇಲೆ ಪಾಠ. ಕಂಪ್ಯೂಟರ್ ಏಳುವುದೂ ಹೀಗೆಯೇ. ಒಂದು ಮೆಟ್ಟಿಲು ಮುಗಿದರೆ ಮಾತ್ರ ಮುಂದಿನದು.

1. ವಿದ್ಯುತ್ತು: ಹಲಗೆಗೆ 5 ವೋಲ್ಟ್ ವಿದ್ಯುತ್ತು ಬರಬೇಕು.

2. ಚಿಪ್ಪಿನ ಮೊದಲ ಆದೇಶ: ಚಿಪ್ಪಿನೊಳಗೆ ಕಾರ್ಖಾನೆಯಲ್ಲಿಯೇ ಅಚ್ಚಾದ ಒಂದು ಪುಟ್ಟ ಆದೇಶವಿದೆ. "ಮೆಮೊರಿ ಕಾರ್ಡನ್ನು ನೋಡು, ಮುಂದಿನ ಆದೇಶ ಅಲ್ಲಿದೆ" ಎನ್ನುವಷ್ಟೇ ಅದರ ಜ್ಞಾನ.

3. ಬೂಟ್‌ಲೋಡರ್: ಕಾರ್ಡಿನಲ್ಲಿರುವ ಈ ತಂತ್ರಾಂಶ ಕಂಪ್ಯೂಟರಿನ ಕೆಲಸದ ಮೆಮೊರಿಯನ್ನು ಸಿದ್ಧಮಾಡಿ, ಲಿನಕ್ಸಿನ ತಿರುಳನ್ನು ಅಲ್ಲಿಗೆ ತಂದಿಡುತ್ತದೆ.

4. ಕರ್ನಲ್: ಇದೇ ಆ ತಿರುಳು. ಯಾವ ಯಾವ ಭಾಗಗಳು ಜೋಡಿಸಿವೆ ಎಂದು ಇದು ಪರೀಕ್ಷಿಸುತ್ತದೆ. ಕಾರ್ಡಿನಲ್ಲಿ ಎಲ್ಲ ಕಡತಗಳಿರುವ ದೊಡ್ಡ ಕೋಣೆಯನ್ನು ತೆರೆಯುತ್ತದೆ.

5. ಒಂದನೇ ಕೆಲಸಗಾರ: ಕರ್ನಲ್ ಎಬ್ಬಿಸುವ ಮೊದಲ ಕಾರ್ಯಕ್ರಮಕ್ಕೆ 1 ಎಂಬ ಸಂಖ್ಯೆ ಇರುತ್ತದೆ. ಅದು ಉಳಿದವರನ್ನೆಲ್ಲ ಎಬ್ಬಿಸುತ್ತದೆ. ಪರದೆಯ ಚಿತ್ರ, ಇಂಟರ್‌ನೆಟ್ ಸಂಪರ್ಕ ಎಲ್ಲವೂ ಆಮೇಲೆ.

ಈ ಇಡೀ ಕ್ರಿಯೆಗೆ 'ಬೂಟ್' ಎಂದು ಹೆಸರು. ಬೂಟಿನ ಹಿಂಬದಿಯಲ್ಲಿ ಎಳೆಯಲು ಒಂದು ಪಟ್ಟಿ ಇರುತ್ತದಲ್ಲವೇ? ಆ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವ ತಮಾಷೆಯ ಮಾತಿನಿಂದ ಈ ಹೆಸರು ಬಂದಿದೆ. ಕಂಪ್ಯೂಟರ್ ಕೂಡ ಸಣ್ಣ ಆದೇಶದಿಂದ ದೊಡ್ಡ ಆದೇಶಕ್ಕೆ ತನ್ನನ್ನು ತಾನೇ ಎತ್ತಿಕೊಳ್ಳುತ್ತದೆ.

ಗುರುತುಗಳನ್ನು ಓದೋಣ

ಕಂಪ್ಯೂಟರ್ ಏಳಲಿಲ್ಲ ಎಂದರೆ ಕೇಳಬೇಕಾದ ಪ್ರಶ್ನೆ ಒಂದೇ: ಅದು ಯಾವ ಮೆಟ್ಟಿಲಿನವರೆಗೆ ಬಂತು? ಉತ್ತರವನ್ನು ಯಂತ್ರವೇ ಹೇಳುತ್ತದೆ. ಪೈ 3ರಲ್ಲಿ ಎರಡು ಪುಟ್ಟ ದೀಪಗಳಿವೆ. ಕೆಂಪು ದೀಪ ವಿದ್ಯುತ್ತಿಗೆ, ಹಸಿರು ದೀಪ ಕಾರ್ಡಿನ ಕೆಲಸಕ್ಕೆ.

• ಕೆಂಪು ದೀಪ ಹತ್ತಲೇ ಇಲ್ಲ: ವಿದ್ಯುತ್ತು ಬಂದಿಲ್ಲ, ಅಥವಾ ತೀರಾ ಕಡಿಮೆ ಬರುತ್ತಿದೆ. ಒಂದನೇ ಮೆಟ್ಟಿಲು.

• ಕೆಂಪು ದೀಪ ಆಗಾಗ ಆರಿ ಹತ್ತುತ್ತದೆ: ವಿದ್ಯುತ್ತು 4.63 ವೋಲ್ಟಿಗಿಂತ ಕೆಳಗಿಳಿಯುತ್ತಿದೆ. ಫೋನಿನ ಹಳೆಯ ಚಾರ್ಜರ್, ತೆಳುವಾದ ತಂತಿ ಇದಕ್ಕೆ ಕಾರಣವಾಗಬಹುದು.

• ಹಸಿರು ದೀಪ 4 ಸಲ ಮಿಣುಕಿ ನಿಂತು, ಮತ್ತೆ 4 ಸಲ ಮಿಣುಕುತ್ತದೆ: ಬೂಟ್‌ಲೋಡರಿನ ಮುಖ್ಯ ಕಡತ ಸಿಕ್ಕಿಲ್ಲ. ಮೂರನೇ ಮೆಟ್ಟಿಲು.

• ಹಸಿರು ದೀಪ 7 ಸಲ ಮಿಣುಕುತ್ತದೆ: ಬೂಟ್‌ಲೋಡರ್ ಬಂದಿದೆ, ಆದರೆ ಕರ್ನಲ್ ಕಡತ ಸಿಕ್ಕಿಲ್ಲ. ಮೂರನೇ ಮೆಟ್ಟಿಲು ಮುಗಿದಿಲ್ಲ.

• ಪರದೆಯ ಮೇಲೆ ಅಕ್ಷರಗಳು ಓಡಿ, 'ಕರ್ನಲ್ ಪ್ಯಾನಿಕ್' ಎಂದು ನಿಲ್ಲುತ್ತದೆ: ಕರ್ನಲ್ ಎದ್ದಿದೆ, ಆದರೆ ಮುಂದೆ ಹೋಗಲಾಗಿಲ್ಲ. ಕಡತಗಳ ದೊಡ್ಡ ಕೋಣೆಯ ಬಾಗಿಲು ತೆರೆಯದಿದ್ದಾಗ ಹೀಗಾಗುವುದುಂಟು. ನಾಲ್ಕನೇ ಮೆಟ್ಟಿಲು.

ನೋಡಿದಿರಾ? ಎಲ್ಲದರಲ್ಲೂ ನಮಗೆ ಕಾಣುವುದು "ಕಂಪ್ಯೂಟರ್ ಏಳಲಿಲ್ಲ" ಎಂಬ ಒಂದೇ ದೂರು. ಆದರೆ ಮದ್ದು ಬೇರೆ ಬೇರೆ. ಚಾರ್ಜರ್ ಕೆಟ್ಟಿರುವಾಗ ಕಾರ್ಡನ್ನು ಅಳಿಸಿ ಮತ್ತೆ ಬರೆದರೆ ಏನು ಪ್ರಯೋಜನ? ಕಾರ್ಡಿನಲ್ಲಿದ್ದ ಕೆಲಸವೂ ಹೋಯಿತು, ದೋಷವೂ ಉಳಿಯಿತು!

ರೂಟರಿನಂಥ ಯಂತ್ರಕ್ಕೆ ಪರದೆಯೇ ಇಲ್ಲ. ಆಗ ಎಂಜಿನಿಯರುಗಳು ಅದರ ಹಲಗೆಗೆ ಮೂರು ತಂತಿಗಳನ್ನು ಜೋಡಿಸುತ್ತಾರೆ. ಒಂದು ಕಳಿಸಲು, ಒಂದು ಪಡೆಯಲು, ಇನ್ನೊಂದು ಭೂ ಸಂಪರ್ಕಕ್ಕೆ. ಏಳುವಾಗ ಲಿನಕ್ಸ್ ಹೇಳುವ ಮಾತುಗಳು ಆ ತಂತಿಗಳ ಮೂಲಕ ಬೇರೊಂದು ಕಂಪ್ಯೂಟರಿನ ಪರದೆಗೆ ಬರುತ್ತವೆ. ಕೊನೆಯ ಕೆಲವು ಸಾಲುಗಳಲ್ಲೇ ಸುಳಿವು ಇರುತ್ತದೆ.

ಪ್ಯಾಕೇಜಿನ ತೊಡಕು

ಕೆಲವೊಮ್ಮೆ ನಿನ್ನೆ ಚೆನ್ನಾಗಿದ್ದ ಕಂಪ್ಯೂಟರ್ ಇಂದು ಏಳುವುದಿಲ್ಲ. ನಡುವೆ ಏನಾಯಿತು? ಹೊಸ ತಂತ್ರಾಂಶ ಹಾಕಿರಬಹುದು.

ಲಿನಕ್ಸಿನಲ್ಲಿ ತಂತ್ರಾಂಶಗಳು 'ಪ್ಯಾಕೇಜ್' ರೂಪದಲ್ಲಿ ಬರುತ್ತವೆ. ಅಂಗಡಿಯ ಬಿಸಿಬೇಳೆಬಾತ್ ಪುಡಿಯ ಪೊಟ್ಟಣವನ್ನು ನೆನಪಿಸಿಕೊಳ್ಳಿ. ಒಳಗೆ ಪುಡಿ ಇದೆ. ಹೊರಗೆ ಮಾಡುವ ವಿಧಾನವಿದೆ. ಜೊತೆಗೆ ಅಕ್ಕಿ, ತೊಗರಿಬೇಳೆ, ಹುಣಸೆಹಣ್ಣು ಬೇಕು ಎಂದೂ ಬರೆದಿದೆ. ತಂತ್ರಾಂಶದ ಪ್ಯಾಕೇಜಿನಲ್ಲಿಯೂ ಮೂರು ಸಂಗತಿಗಳಿವೆ: ಕಡತಗಳು, ಅವನ್ನು ಸಿದ್ಧಗೊಳಿಸುವ ಆದೇಶಗಳು, ಮತ್ತು ತನಗೆ ಬೇಕಾದ ಇತರ ಪ್ಯಾಕೇಜುಗಳ ಪಟ್ಟಿ.

ತೊಡಕು ಎಲ್ಲೆಲ್ಲಿ ಬರಬಹುದು?

• ಬೇಳೆ ಇಲ್ಲದೆ ಬಾತ್ ಆಗದು. ಪಟ್ಟಿಯಲ್ಲಿರುವ ಇನ್ನೊಂದು ಪ್ಯಾಕೇಜ್ ಇಲ್ಲದಿದ್ದರೆ ಇದೂ ಓಡದು.

• ಕಾರ್ಡಿನಲ್ಲಿ ಜಾಗ ಮುಗಿದಿರಬಹುದು.

• ಪ್ಯಾಕೇಜ್ ಬೇರೆ ಜಾತಿಯ ಚಿಪ್ಪಿಗೆ ತಯಾರಾದುದಿರಬಹುದು. ಪೈನಲ್ಲಿರುವುದು ಆರ್ಮ್ ಚಿಪ್ಪು. ಮೇಜಿನ ಮೇಲಿನ ಇಂಟೆಲ್ ಕಂಪ್ಯೂಟರಿಗೆ ತಯಾರಿಸಿದ್ದು ಅದಕ್ಕೆ ಅರ್ಥವಾಗದ ಭಾಷೆ.

• ತಾರೀಖು ತಪ್ಪಿರಬಹುದು! ಪೈ 3ರಲ್ಲಿ ಬ್ಯಾಟರಿಯ ಗಡಿಯಾರವಿಲ್ಲ. ಇಂಟರ್‌ನೆಟ್ಟಿನಿಂದ ಸಮಯ ತಿಳಿಯದಿದ್ದರೆ ಅದು ಹಿಂದಿನ ಯಾವುದೋ ದಿನದಲ್ಲೇ ಇರುತ್ತದೆ. ಆಗ ಹೊಸ ಪ್ಯಾಕೇಜುಗಳ ಪಟ್ಟಿಯ ಮೇಲಿನ ತಾರೀಖು ನೋಡಿ, "ಇದು ಇನ್ನೂ ಬಾರದ ದಿನದ್ದು" ಎಂದು ನಿರಾಕರಿಸುತ್ತದೆ.

• ಪ್ಯಾಕೇಜ್ ಬಿಚ್ಚುತ್ತಿರುವಾಗಲೇ ಕರೆಂಟು ಹೋಗಬಹುದು. ಕೆಲವು ಕಡತ ಹೊಸದು, ಕೆಲವು ಹಳೆಯದು! ಆ ಪ್ಯಾಕೇಜ್ ಕರ್ನಲ್‌ನದೇ ಆಗಿದ್ದರೆ ಮರುದಿನ ಕಂಪ್ಯೂಟರ್ ಏಳದಿರಬಹುದು.

ಅದೃಷ್ಟಕ್ಕೆ, ಪೈನ ಲಿನಕ್ಸ್ ಪ್ರತಿ ಪ್ಯಾಕೇಜಿನ ಸ್ಥಿತಿಯನ್ನೂ ಬರೆದಿಡುತ್ತದೆ: ಬಿಚ್ಚಿದೆ, ಅರ್ಧ ಸಿದ್ಧವಾಗಿದೆ, ಪೂರ್ತಿಯಾಗಿದೆ ಎಂದು. ಕಂಪ್ಯೂಟರ್ ಎದ್ದರೆ, ಅರ್ಧಕ್ಕೆ ನಿಂತದ್ದನ್ನು ಮುಗಿಸು ಎಂದು ಒಂದೇ ಆದೇಶ ಕೊಟ್ಟರೆ ಸಾಕು.

ಮಂಗಳನ ಮೇಲೆ ಮೌನ

ಈಗ ಒಂದು ನಿಜ ಕಥೆ. ಇಲ್ಲಿ ಯಂತ್ರದ ದೀಪ ನೋಡಲು ಹತ್ತಿರ ಯಾರೂ ಇರಲಿಲ್ಲ!

2004ರ ಜನವರಿ 4ರಂದು ಅಮೆರಿಕದ ನಾಸಾ ಸಂಸ್ಥೆಯ 'ಸ್ಪಿರಿಟ್' ಎಂಬ ಆರು ಚಕ್ರದ ಬಂಡಿ ಮಂಗಳ ಗ್ರಹದ ಮೇಲೆ ಇಳಿಯಿತು. ಅದರ ಹುದುಗಿದ ಕಂಪ್ಯೂಟರಿನಲ್ಲಿ ಇದ್ದುದು ಲಿನಕ್ಸ್ ಅಲ್ಲ, ವಿಎಕ್ಸ್‌ವರ್ಕ್ಸ್ ಎಂಬ ಬೇರೊಂದು ತಂತ್ರಾಂಶ. ಆದರೆ ಮೆಟ್ಟಿಲು ಮೆಟ್ಟಿಲಾಗಿ ಏಳುವ ಕ್ರಮ ಅಲ್ಲಿಯೂ ಇತ್ತು.

ಜನವರಿ 21ರಂದು ಬಂಡಿ ಇದ್ದಕ್ಕಿದ್ದಂತೆ ಸರಿಯಾಗಿ ಮಾತನಾಡುವುದನ್ನು ನಿಲ್ಲಿಸಿತು. ಅದು 17 ಕೋಟಿ ಕಿಲೋಮೀಟರಿಗಿಂತಲೂ ದೂರವಿತ್ತು. ಒಂದು ಪ್ರಶ್ನೆ ಅಲ್ಲಿಗೆ ತಲುಪಲು ಸುಮಾರು ಹತ್ತು ನಿಮಿಷ, ಉತ್ತರ ಬರಲು ಮತ್ತೆ ಹತ್ತು ನಿಮಿಷ. ಎಂಜಿನಿಯರುಗಳು ತುಣುಕು ತುಣುಕಾಗಿ ಬಂದ ಮಾಹಿತಿಯನ್ನು ಜೋಡಿಸಿದರು. ಆಗ ತಿಳಿದದ್ದೇನು? ಬಂಡಿ ಸತ್ತಿರಲಿಲ್ಲ. ಅದು ಏಳುತ್ತಿತ್ತು, ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು! ಹೀಗೆ 60ಕ್ಕೂ ಹೆಚ್ಚು ಸಲ ಆಗಿತ್ತು. ರಾತ್ರಿ ಮಲಗದೆ ಬ್ಯಾಟರಿ ಖಾಲಿಯಾಗುತ್ತಿತ್ತು. ಹೀಗೇ ಬಿಟ್ಟಿದ್ದರೆ ಬಂಡಿ ಉಳಿಯುವುದು ಕಷ್ಟವಿತ್ತು.

ಯಾವ ಮೆಟ್ಟಿಲಲ್ಲಿ ಬೀಳುತ್ತಿದೆ? ಕಡತಗಳ ಕೋಣೆ ತೆರೆಯುವಾಗ! ಬಂಡಿಯಲ್ಲಿ ಕಡತಗಳನ್ನು ಇಡಲು 256 ಮೆಗಾಬೈಟ್ ಫ್ಲ್ಯಾಶ್ ಮೆಮೊರಿ ಇತ್ತು. ಏಳುವಾಗಲೆಲ್ಲ ಅಲ್ಲಿನ ಕಡತಗಳ ಪಟ್ಟಿಯನ್ನು ಕೆಲಸದ ಮೆಮೊರಿಗೆ ತಂದುಕೊಳ್ಳಬೇಕಿತ್ತು. ಪ್ರಯಾಣದ ತಿಂಗಳುಗಳಲ್ಲಿ ಸೇರಿದ ಹಳೆಯ ಕಡತಗಳಿಂದ ಆ ಪಟ್ಟಿ ಬೆಳೆದಿತ್ತು. ಅಳಿಸಿದ ಕಡತಗಳ ಸಾಲುಗಳೂ ಅದರಲ್ಲಿ ಜಾಗ ಹಿಡಿದಿದ್ದವು. ಪಟ್ಟಿ ಹಿಡಿಸದೆ ಕಂಪ್ಯೂಟರ್ ಬಿದ್ದು, ಮೊದಲಿನಿಂದ ಏಳುತ್ತಿತ್ತು. ಅದೇ ಪಟ್ಟಿಗೆ ಮತ್ತೆ ಕೈಹಾಕಿ ಮತ್ತೆ ಬೀಳುತ್ತಿತ್ತು.

ಇಲ್ಲಿ ಪ್ಯಾಕೇಜಿನ ಪಾಠವೂ ಇದೆ. ಹಳೆಯ ಕಡತಗಳನ್ನು ಅಳಿಸಲು ಕಳಿಸಿದ್ದ ಸಣ್ಣ ತಂತ್ರಾಂಶಕ್ಕೆ ಎರಡು ಭಾಗಗಳಿದ್ದವು. ಒಂದು ಭಾಗ ಮಾತ್ರ ತಲುಪಿತ್ತು. ಇನ್ನೊಂದನ್ನು 19ನೇ ಮಂಗಳ ದಿನ ಮತ್ತೆ ಕಳಿಸಬೇಕೆಂದಿದ್ದರು. 18ನೇ ದಿನವೇ ತೊಂದರೆ ಶುರುವಾಯಿತು.

ಜನವರಿ 24ರಂದು ಎಂಜಿನಿಯರುಗಳು ಹೀಗೆ ಆದೇಶ ಕಳಿಸಿದರು: "ಫ್ಲ್ಯಾಶ್ ಕೋಣೆಯನ್ನು ತೆರೆಯಬೇಡ. ಅದಿಲ್ಲದೆಯೇ ಏಳು." ಬಂಡಿ ಎದ್ದಿತು! ಆಮೇಲೆ ಹಳೆಯ ಕಡತಗಳನ್ನು ಅಳಿಸಿದರು. ಫೆಬ್ರವರಿಯಲ್ಲಿ ಫ್ಲ್ಯಾಶನ್ನು ಪೂರ್ತಿ ತೊಳೆದು ಹೊಸದಾಗಿ ಸಿದ್ಧಮಾಡಿದರು. 90 ಮಂಗಳ ದಿನಗಳ ಕೆಲಸಕ್ಕೆ ಹೋಗಿದ್ದ ಸ್ಪಿರಿಟ್ 2010ರ ಮಾರ್ಚ್‌ವರೆಗೆ ಭೂಮಿಗೆ ಸಂದೇಶ ಕಳಿಸುತ್ತಿತ್ತು.

ನೆನಪಿಡಿ

1. ಕೊನೆಗೆ ಸರಿಯಾಗಿ ನಡೆದ ಮೆಟ್ಟಿಲು ಯಾವುದೆಂದು ಮೊದಲು ಹುಡುಕಿ. ದೋಷ ಅದರ ಮುಂದೆಯೇ ಇದೆ.
2. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಚಾರ್ಜರ್, ಕಾರ್ಡು ಎರಡನ್ನೂ ಒಟ್ಟಿಗೆ ಬದಲಿಸಿದರೆ ಕೆಟ್ಟದ್ದು ಯಾವುದೆಂದು ತಿಳಿಯುವುದಿಲ್ಲ.
3. ಕಂಡ ಗುರುತನ್ನೂ ಕೊನೆಯ ಸಾಲನ್ನೂ ಬರೆದಿಡಿ.
4. ಅಳಿಸುವ ಮದ್ದು ಕೊನೆಯದಾಗಿರಲಿ.

ನಿಮಗೆ ಗೊತ್ತೇ?

ಮಂಗಳನ ಮೇಲೆ ಹಾರಿದ 'ಇಂಜೆನ್ಯೂಯಿಟಿ' ಹೆಲಿಕಾಪ್ಟರಿನಲ್ಲಿ ಲಿನಕ್ಸ್ ಇತ್ತು. 2021ರ ಏಪ್ರಿಲ್ 9ರಂದು ರೆಕ್ಕೆಗಳನ್ನು ವೇಗವಾಗಿ ತಿರುಗಿಸಿ ನೋಡುವ ಪರೀಕ್ಷೆ ನಡುವೆಯೇ ನಿಂತಿತು. ನಿಲ್ಲಿಸಿದ್ದು ಅದರ 'ಕಾವಲು ಗಡಿಯಾರ'. ಕೆಲಸ ಹೊತ್ತಿಗೆ ಸರಿಯಾಗಿ ಮುಂದುವರಿಯದಿದ್ದರೆ ತಡೆಯುವುದೇ ಅದರ ಕೆಲಸ. ಆದೇಶಗಳನ್ನು ತಿದ್ದಿ ಕಳಿಸಿದ ಮೇಲೆ ಏಪ್ರಿಲ್ 19ರಂದು ಹೆಲಿಕಾಪ್ಟರ್ ಮೊದಲ ಸಲ ಹಾರಿತು. ಒಟ್ಟು 72 ಸಲ ಹಾರಿತು!

ಮಾಡಿ ನೋಡಿ

ಹದಿನಾರು ಮಕ್ಕಳು ಸಾಲಾಗಿ ನಿಲ್ಲಿ. ಒಬ್ಬರನ್ನು 'ಎಂಜಿನಿಯರ್' ಮಾಡಿ ಹೊರಗೆ ಕಳಿಸಿ. ಸಾಲಿನಲ್ಲಿ ಒಬ್ಬರು ಗುಟ್ಟಾಗಿ 'ಕೆಟ್ಟ ಮೆಟ್ಟಿಲು' ಆಗಲಿ. ಶಿಕ್ಷಕರು ಮೊದಲನೆಯವರ ಕಿವಿಯಲ್ಲಿ ಒಂದು ಪದ ಹೇಳಲಿ. ಅದು ಒಬ್ಬರಿಂದ ಒಬ್ಬರಿಗೆ ದಾಟಲಿ. ಕೆಟ್ಟ ಮೆಟ್ಟಿಲು ಪದವನ್ನು ಕೇಳಿಸಿಕೊಂಡು ಮುಂದೆ ದಾಟಿಸಬಾರದು. ಈಗ ಎಂಜಿನಿಯರನ್ನು ಕರೆಯಿರಿ. ಅವರು ಯಾರನ್ನಾದರೂ "ನಿನಗೆ ಪದ ಬಂತೇ?" ಎಂದು ಮಾತ್ರ ಕೇಳಬಹುದು.

ಒಂದು ತುದಿಯಿಂದ ಕೇಳುತ್ತ ಹೋದರೆ 15 ಪ್ರಶ್ನೆಗಳವರೆಗೂ ಬೇಕಾಗಬಹುದು. ಮೊದಲು 9ನೆಯವರನ್ನು ಕೇಳಿ. ಬಂದಿದ್ದರೆ ದೋಷ 9ರಿಂದ 16ರಲ್ಲಿದೆ, ಬರದಿದ್ದರೆ 1ರಿಂದ 8ರಲ್ಲಿದೆ. ಹೀಗೆ ಅರ್ಧ ಅರ್ಧ ಮಾಡುತ್ತ ಹೋದರೆ ಎಷ್ಟು ಪ್ರಶ್ನೆ ಸಾಕು? ಎಣಿಸಿ ನೋಡಿ.

ಪ್ರಶ್ನೆಗಳು

1. ಕೆಂಪು ದೀಪ ಸ್ಥಿರವಾಗಿ ಹತ್ತಿದೆ, ಹಸಿರು ದೀಪ 7 ಸಲ ಮಿಣುಕುತ್ತಿದೆ. ಚಾರ್ಜರ್ ಬದಲಿಸಿದರೆ ಸರಿಹೋಗುವುದೇ? ಏಕೆ?
2. ಸ್ಪಿರಿಟ್ ಬಂಡಿ ಪ್ರತಿ ಸಲವೂ ಒಂದೇ ಕಡೆ ಬೀಳುತ್ತಿದ್ದುದು ಏಕೆ?
3. ನಿಮ್ಮ ಊರಿನ ನಲ್ಲಿಯಲ್ಲಿ ನೀರು ಬರಲಿಲ್ಲ. ಟ್ಯಾಂಕಿನಿಂದ ನಲ್ಲಿಯವರೆಗಿನ ಮೆಟ್ಟಿಲುಗಳನ್ನು ಬರೆಯಿರಿ. ಮೊದಲು ಎಲ್ಲಿ ಪರೀಕ್ಷಿಸುವಿರಿ?

(ಚಟುವಟಿಕೆಯ ಉತ್ತರ: ನಾಲ್ಕು ಪ್ರಶ್ನೆಗಳು.)