ಗಂಡಸರಲ್ಲಿ ಲೂಪಸ್: ಮೂತ್ರ ಪರೀಕ್ಷೆ ತಪ್ಪದಿರಲಿ

ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದೇಹದ ಅಂಗಾಂಗಗಳ ಮೇಲೆ ಎರಗುವ ದೀರ್ಘಕಾಲೀನ ಕಾಯಿಲೆ ಲೂಪಸ್. ಇದು ಅಂಟುರೋಗವಲ್ಲ. ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಮಹಿಳೆಯರಾಗಿರುವುದರಿಂದ ಇದನ್ನು ಹೆಂಗಸರ ಕಾಯಿಲೆ ಎಂದೇ ಭಾವಿಸುವ ರೂಢಿಯಿದೆ. ಉಳಿದ ಒಬ್ಬ ಗಂಡಸಿಗೆ ಈ ರೂಢಿಯೇ ಅಪಾಯ. ಆತನಲ್ಲಿ ರೋಗವನ್ನು ಶಂಕಿಸುವುದೇ ತಡವಾಗುತ್ತದೆ.

ಕೆನ್ನೆ ಹಾಗೂ ಮೂಗಿನ ಮೇಲೆ ಚಿಟ್ಟೆಯ ರೆಕ್ಕೆಯಂತೆ ಹರಡುವ ಕೆಂಪು ದದ್ದು, ಬಿಸಿಲಿಗೆ ಕೆರಳುವ ಚರ್ಮ, ಕೂದಲುದುರುವಿಕೆ, ಕೀಲುನೋವು ಇದರ ಪರಿಚಿತ ಲಕ್ಷಣಗಳು. ಗಂಡಸರಲ್ಲಿ ಚರ್ಮದ ಲಕ್ಷಣಗಳು ಅಷ್ಟಾಗಿ ಕಾಣದಿರಬಹುದು. ಕಂಡರೂ, ಬಿಸಿಲಲ್ಲಿ ದುಡಿಯುವವನ ಮುಖ ಕಂದುವುದು ಸಹಜವೆಂದೂ, ಕೀಲುನೋವು ದುಡಿಮೆಯ ಫಲವೆಂದೂ ಮನೆಯವರು ಸುಮ್ಮನಾಗುತ್ತಾರೆ. ವಾರಗಟ್ಟಲೆ ಬಿಡದ ಜ್ವರ, ತೂಕ ಇಳಿಕೆ, ಉಸಿರೆಳೆದಾಗ ಎದೆನೋವು ಇದ್ದಲ್ಲಿ ಮೊದಲು ಕ್ಷಯವನ್ನು ಶಂಕಿಸುವುದು ಸರಿಯೇ. ಪರೀಕ್ಷೆಯಲ್ಲಿ ಕ್ಷಯ ಕಾಣದಿದ್ದಾಗ ಮಾತ್ರ ತಪಾಸಣೆ ಅಲ್ಲಿಗೇ ನಿಲ್ಲಬಾರದು.

ಹೆಚ್ಚಿನ ಗಮನ ಬೇಕಿರುವುದು ಮೂತ್ರಪಿಂಡಕ್ಕೆ. ಅದಕ್ಕೆ ತಗಲುವ ಹಾನಿ ಮಹಿಳೆಯರಿಗಿಂತ ಗಂಡಸು ರೋಗಿಗಳಲ್ಲಿ ಹೆಚ್ಚೆಂದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಸೋಸುವ ಪೊರೆ ಹರಿದರೆ ನಲ್ಲಿಯಲ್ಲಿ ನೀರು ನಿಲ್ಲುವುದಿಲ್ಲ, ಸೋಸುವ ಕೆಲಸ ಕೆಡುತ್ತದೆ. ಮೂತ್ರಪಿಂಡದಲ್ಲಿಯೂ ಹಾಗೆಯೇ: ಮೂತ್ರ ಎಂದಿನಂತೆ ಹೋಗುತ್ತಿದ್ದರೂ ದೇಹದಲ್ಲಿ ಉಳಿಯಬೇಕಾದ ಪ್ರೋಟೀನ್ ಅದರೊಡನೆ ಸೋರಿಹೋಗುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ. ಮೂತ್ರದಲ್ಲಿ ಬೇಗ ಕರಗದ ನೊರೆ, ಬೆಳಗ್ಗೆ ಊದಿಕೊಂಡ ಕಣ್ಣುರೆಪ್ಪೆ, ಪಾದದ ಬಾವು, ಚಿಕ್ಕ ವಯಸ್ಸಿನಲ್ಲೇ ಏರಿದ ರಕ್ತದೊತ್ತಡ, ಇಷ್ಟೇ ಸುಳಿವು. ಕೆಲವೊಮ್ಮೆ ಅದೂ ಇಲ್ಲ. ಇಂತಹ ಬಾವನ್ನು ವಿಚಾರಿಸದೆ ಕುಡಿತದ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಮೂತ್ರದ ಪ್ರೋಟೀನ್ ಪರೀಕ್ಷೆಯೂ ರಕ್ತದೊತ್ತಡದ ಅಳತೆಯೂ ಸರಳವಾದವು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಆರಂಭಿಸಬಹುದು. ಮೇಲಿನ ಆಸ್ಪತ್ರೆಯಲ್ಲಿ ಎ.ಎನ್.ಎ. ರಕ್ತಪರೀಕ್ಷೆ ಮೊದಲ ಮೆಟ್ಟಿಲು. ಆರೋಗ್ಯವಂತರಲ್ಲೂ ಅದು ಪಾಸಿಟಿವ್ ಬರುವುದುಂಟಾದ್ದರಿಂದ ಅದೊಂದರಿಂದಲೇ ರೋಗ ಖಚಿತವಾಗದು. ಪೂರ್ಣ ವಾಸಿಯಾಗದಿದ್ದರೂ ಹೈಡ್ರಾಕ್ಸಿಕ್ಲೋರೋಕ್ವಿನ್ ಮೊದಲಾದ ಔಷಧಗಳಿಂದ ಕಾಯಿಲೆಯನ್ನು ಹತೋಟಿಯಲ್ಲಿಡಬಹುದು. ಸ್ಟೀರಾಯ್ಡ್ ಮಾತ್ರೆಯನ್ನು ವೈದ್ಯರು ಹೇಳದೆ ಒಮ್ಮೆಲೇ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ.

ಬಿಸಿಲು ಈ ರೋಗವನ್ನು ಕೆರಳಿಸುತ್ತದೆ. ಕಾಮಗಾರಿ ಸ್ಥಳದಲ್ಲಿ ನೆರಳಿನ ವ್ಯವಸ್ಥೆ ಇದೆಯೇ ಎಂಬುದನ್ನು ಮಾನ್ಯ ಸದಸ್ಯರು ಗಮನಿಸತಕ್ಕದ್ದು; ರೋಗ ದೃಢಪಟ್ಟವರು ನೆರಳಿನ ಕೆಲಸ ಕೇಳಿದರೆ ಅದನ್ನು ಮೈಗಳ್ಳತನವೆಂದು ಕಾಣಬಾರದು. ಆಶಾ ಕಾರ್ಯಕರ್ತೆಯರು ಮನೆಗೆ ಬರುವ ಹೊತ್ತಿಗೆ ಗಂಡಸರು ಹೊಲದಲ್ಲೋ ಕೂಲಿಯಲ್ಲೋ ಇರುತ್ತಾರೆ. ಅವರು ಸಿಗುವ ಸಂಜೆಯ ವೇಳೆಗೆ ವಾರ್ಡಿನಲ್ಲಿ ತಪಾಸಣಾ ಶಿಬಿರ ಏರ್ಪಡಿಸುವ ಕುರಿತು ಗ್ರಾಮ ಆರೋಗ್ಯ ಸಮಿತಿಯ ಸಭೆಯಲ್ಲಿ ವೈದ್ಯಾಧಿಕಾರಿಗಳೊಂದಿಗೆ ಚರ್ಚಿಸಬಹುದು.