ಉಸಿರು ಎಣಿಸಲು ಕಲಿಯೋಣ

ನೆಗಡಿ ಕೆಮ್ಮು ಯಾರಿಗೆ ಬರಲ್ಲ? ಹೆಚ್ಚಾಗಿ ತಾನಾಗಿ ವಾಸಿಯಾಗುತ್ತದೆ. ಆದರೆ ಚಿಕ್ಕ ಮಕ್ಕಳ ಕೆಮ್ಮು ಕೆಲವು ಸಲ ನ್ಯುಮೋನಿಯಾ ಆಗಿರುತ್ತದೆ. ಅದನ್ನು ಗುರುತಿಸುವುದು ಹೇಗೆ?

ಕಳೆದ ವರ್ಷ ನನ್ನ 8 ತಿಂಗಳ ತಮ್ಮನಿಗೆ ಕೆಮ್ಮು ಬಂತು. "ಬರೀ ಶೀತ ಕಣೋ, ಎಣ್ಣೆ ಹಚ್ಚಿದ್ರೆ ಹೋಗುತ್ತೆ" ಅಂದ್ರು ಅಜ್ಜಿ. ಮೈ ಅಷ್ಟೇನೂ ಸುಡುತ್ತಿರಲಿಲ್ಲ. ಆವತ್ತು ನಮ್ಮ ಬೀದಿಗೆ ಬಂದಿದ್ದ ಸಿಸ್ಟರ್ ಅವನ ಅಂಗಿ ಎತ್ತಿ, ಗಡಿಯಾರ ನೋಡುತ್ತಾ ಸುಮ್ಮನೆ ಕುಳಿತರು. ಒಂದು ನಿಮಿಷದ ಮೇಲೆ, "56 ಇದೆ, ಈಗಲೇ ಆಸ್ಪತ್ರೆಗೆ ಹೊರಡಿ" ಅಂದರು. ಡಾಕ್ಟರು ಪರೀಕ್ಷಿಸಿ ನ್ಯುಮೋನಿಯಾ ಎಂದೇ ಹೇಳಿ ಔಷಧಿ ಕೊಟ್ಟರು. ಈಗ ತಮ್ಮ ಮನೆಯೆಲ್ಲಾ ಓಡಾಡುತ್ತಾನೆ.

ಉಸಿರು ಏಕೆ ಜೋರಾಗುತ್ತದೆ? ಶ್ವಾಸಕೋಶದಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ವಾಯುಕೋಶಗಳಿವೆ. ಸೋಂಕಿನಿಂದ ಅವುಗಳಲ್ಲಿ ಕೀವು, ನೀರು ತುಂಬಿದರೆ ರಕ್ತಕ್ಕೆ ಆಮ್ಲಜನಕ ಸಾಲುವುದಿಲ್ಲ. ಆಗ ಮಗು ಬೇಗ ಬೇಗ ಉಸಿರಾಡುತ್ತದೆ.

ಎಣಿಸುವ ಕ್ರಮ:
1. ಮಗು ಅಳದೆ ಶಾಂತವಾಗಿರಬೇಕು. ಹಾಲು ಕುಡಿಯುವಾಗ ಎಣಿಸಬಾರದು.
2. ಅಂಗಿ ಸರಿಸಿ ಎದೆ ಅಥವಾ ಹೊಟ್ಟೆ ನೋಡಿ. ಒಮ್ಮೆ ಏರಿ ಇಳಿದರೆ ಒಂದು ಉಸಿರು.
3. ಪೂರ್ತಿ 60 ಸೆಕೆಂಡು ಎಣಿಸಿ. ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಅದಕ್ಕೇ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ.

ಕೆಮ್ಮಿರುವ ಮಗುವಿಗೆ ನಿಮಿಷಕ್ಕೆ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿದ್ದರೆ ಜೋರು ಉಸಿರು:
2 ತಿಂಗಳೊಳಗೆ – 60 (ಇನ್ನೊಮ್ಮೆ ಎಣಿಸಿ ಖಚಿತಪಡಿಸಿಕೊಳ್ಳಿ)
2 ತಿಂಗಳಿಂದ 1 ವರ್ಷದೊಳಗೆ – 50
1ರಿಂದ 5 ವರ್ಷದೊಳಗೆ – 40

ನೋಡಿ, 45 ಬಂದರೆ 8 ತಿಂಗಳ ಮಗುವಿಗೆ ಅದು ಜೋರಲ್ಲ, 2 ವರ್ಷದ ಮಗುವಿಗೆ ಜೋರು! ಆದ್ದರಿಂದ ಮೊದಲು ವಯಸ್ಸು ಕೇಳಬೇಕು.

ಎಣಿಕೆ ಕಡಿಮೆ ಇದ್ದರೂ ಕೆಲವು ಗುರುತು ಕಂಡರೆ ತಡಮಾಡಬಾರದು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಹಾಲು ಕುಡಿಯದಿರುವುದು, ಕುಡಿದದ್ದೆಲ್ಲ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದಿರುವುದು, ತುಟಿ ನೀಲಿಯಾಗುವುದು. ಇವುಗಳಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ. ಮೊದಲು ಎಣ್ಣೆ ಹಚ್ಚಿ ನೋಡೋಣ ಅಂತ ಕಾಯಬೇಡಿ.

ರೋಗ ಯಾವುದು ಅಂತ ಹೇಳೋದು ಡಾಕ್ಟರ ಕೆಲಸ. ಎಣಿಸೋದು ನಮಗೂ ಬರುತ್ತೆ. 1ರಿಂದ 100ರವರೆಗೆ ಎಣಿಸಲು ಬಂದರೆ ಸಾಕು, ಒಂದು ಗಡಿಯಾರ ಇದ್ದರೆ ಸಾಕು.

ಅಭ್ಯಾಸ: ಇವತ್ತು ಮನೆಯಲ್ಲಿ ಮಲಗಿರುವ ಪಾಪುವಿನ ಉಸಿರು ಎಣಿಸಿ, ವಯಸ್ಸಿನ ಜೊತೆ ಬರೆದುಕೊಂಡು ನಾಳೆ ತನ್ನಿ. ಹೋಲಿಸಿ ನೋಡೋಣ.